ಪೋಪನ ಆಜ್ಞೆ, ಅರಸನ ಕಾನೂನು

ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನು, ಕೊಲೆ ಮುಂತಾದ ವ್ಯಾಜ್ಯಗಳನ್ನು ಅರಸನ ನ್ಯಾಯಾಲಯಗಳು ವಿಚಾರಿಸುತ್ತಿದ್ದವು. ಮದುವೆ, ಉಯಿಲು, ಪಾದ್ರಿಗಳ ನಡತೆ ಇವು ಚರ್ಚಿನ ನ್ಯಾಯಾಲಯಗಳಿಗೆ ಸೇರಿದ್ದವು, ಅಲ್ಲಿ ಸೋತವರು ಪೋಪನವರೆಗೂ ಮೇಲ್ಮನವಿ ಒಯ್ಯಬಹುದಾಗಿತ್ತು. ಈ ಎರಡು ಅಧಿಕಾರಗಳ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬ ಜಗಳ ಹೆಚ್ಚು ತೀವ್ರವಾದದ್ದು ಚರ್ಚಿನ ಹುದ್ದೆಗಳ ವಿಷಯದಲ್ಲಿ. ಒಂದು ಚರ್ಚಿಗೆ ಪಾದ್ರಿಯನ್ನು ಸೂಚಿಸುವ ಹಕ್ಕನ್ನು ಇಂಗ್ಲೆಂಡಿನ ಕಾನೂನು ಆಸ್ತಿಯೆಂದೇ ಎಣಿಸುತ್ತಿದ್ದುದರಿಂದ, ಪೋಪನು ಆ ಹುದ್ದೆಗೆ ತಾನೇ ನೇಮಕ ಮಾಡಿದಾಗ ಹಕ್ಕುದಾರನ ಆಸ್ತಿಯನ್ನೇ ಕಿತ್ತುಕೊಂಡಂತಾಗುತ್ತಿತ್ತು. ಅದೂ ಅಲ್ಲದೆ 1309ರಿಂದ ಪೋಪರು ರೋಮನ್ನು ಬಿಟ್ಟು ಫ್ರಾನ್ಸಿನ ಪ್ರಭಾವಕ್ಕೊಳಪಟ್ಟ ಅವಿನ್ಯೋನ್ ನಗರದಲ್ಲಿ ನೆಲೆಸಿದ್ದರು. 1337ರಲ್ಲಿ ಫ್ರಾನ್ಸಿನೊಡನೆ ಯುದ್ಧ ಆರಂಭವಾದ ಮೇಲೆ, ಇಂಗ್ಲೆಂಡಿನ ಚರ್ಚುಗಳ ಹಣ ಶತ್ರುವಿನ ಪಾಲಾಗುತ್ತಿದೆಯೆಂಬ ಶಂಕೆ ಪಾರ್ಲಿಮೆಂಟಿನಲ್ಲಿ ಬಲವಾಯಿತು.

ಮೂರನೆಯ ಎಡ್ವರ್ಡನ ಕಾಲದಲ್ಲಿ, 1351ರ ಕಾಯಿದೆಯೊಂದು ಪೋಪನ ಇಂಥ ನೇಮಕಗಳನ್ನು ತಡೆಯಿತು. 1353ರಲ್ಲಿ ಬಂದ ಇನ್ನೊಂದು ಕಾಯಿದೆ, ಅರಸನ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದ ವ್ಯಾಜ್ಯವನ್ನು ರಾಜ್ಯದ ಹೊರಗೆ ಒಯ್ಯುವುದನ್ನು ಅಪರಾಧವೆಂದು ಸಾರಿತು. ಆರೋಪಿಯನ್ನು ಕರೆಸುವ ಆಜ್ಞಾಪತ್ರದ ಲ್ಯಾಟಿನ್ ಪದದಿಂದ ಇದಕ್ಕೆ ‘ಪ್ರೀಮ್ಯುನೈರಿ’ ಎಂಬ ಹೆಸರು ಬಂದಿತು. ಎರಡನೆಯ ರಿಚರ್ಡನ ಕಾಲದ 1393ರ ಕಾಯಿದೆ ಅದನ್ನು ಮತ್ತಷ್ಟು ಬಿಗಿಗೊಳಿಸಿತು. ಅರಸನ ಹಕ್ಕಿಗೆ ಕುಂದು ತರುವ ಪೋಪನ ಆಜ್ಞಾಪತ್ರಗಳನ್ನು ತರಿಸಿದವನು ಅರಸನ ರಕ್ಷಣೆಯಿಂದ ಹೊರಬೀಳುತ್ತಿದ್ದನು. ಅವನ ಆಸ್ತಿಯೆಲ್ಲ ಮುಟ್ಟುಗೋಲಾಗುತ್ತಿತ್ತು.

ಆದರೂ ಅರಸರು ಈ ಕಾಯಿದೆಗಳನ್ನು ಬೇಕೆಂದಾಗ ಬಳಸಿ, ಬೇಡವೆಂದಾಗ ಪೋಪನೊಡನೆ ರಾಜಿ ಮಾಡಿಕೊಳ್ಳುತ್ತಿದ್ದರು. ಅಪರಾಧದ ವ್ಯಾಪ್ತಿ ಅಸ್ಪಷ್ಟವಾಗಿದ್ದುದೇ ಈ ಕಾನೂನಿನ ನಿಜವಾದ ಅಪಾಯ. ಎಂಟನೆಯ ಹೆನ್ರಿಯ ಮಂತ್ರಿಯಾಗಿದ್ದ ಕಾರ್ಡಿನಲ್ ವುಲ್ಸಿ, ಪೋಪನ ಪ್ರತಿನಿಧಿಯ ಅಧಿಕಾರವನ್ನು ಅರಸನ ಒಪ್ಪಿಗೆಯಿಂದಲೇ ಪಡೆದು, ಅರಸನ ಕಣ್ಣೆದುರಿನಲ್ಲೇ ವರ್ಷಗಳ ಕಾಲ ಚಲಾಯಿಸಿದ್ದನು. ಹೆನ್ರಿಯ ವಿವಾಹ ರದ್ದತಿಗೆ ರೋಮಿನಿಂದ ಅನುಮತಿ ದೊರಕಿಸಿಕೊಡಲು ಅವನಿಂದ ಆಗದಿದ್ದಾಗ, 1529ರಲ್ಲಿ ಅದೇ ಅಧಿಕಾರವನ್ನು ಅಪರಾಧವೆಂದು ಪರಿಗಣಿಸಿ ಅವನ ಮೇಲೆ ಮೊಕದ್ದಮೆ ಹೂಡಲಾಯಿತು; ತಪ್ಪೊಪ್ಪಿಕೊಂಡ ವುಲ್ಸಿ ಪದವಿಯನ್ನೂ ಲಂಡನ್ನಿನ ತನ್ನ ಅರಮನೆಯನ್ನೂ ಕಳೆದುಕೊಂಡನು. ಅರಸನೇ ಅನುಮತಿಸಿದ ಕೆಲಸಕ್ಕೆ ಅರಸನೇ ಶಿಕ್ಷೆ ವಿಧಿಸಬಹುದಾದರೆ, ಅಂಥ ಕಾನೂನಿನಡಿ ಯಾರೂ ಸುರಕ್ಷಿತರಲ್ಲ.

ಇದನ್ನು ಪಾದ್ರಿವರ್ಗ ಬಹುಬೇಗ ಅನುಭವದಿಂದಲೇ ಅರಿಯಿತು. ಚರ್ಚಿನ ನ್ಯಾಯಾಲಯಗಳನ್ನು ನಡೆಸಿದ್ದೇ ಅಪರಾಧವೆಂದು ಇಡೀ ವರ್ಗದ ಮೇಲೆ ಆರೋಪ ಬಂದಾಗ, 1531ರಲ್ಲಿ ಕ್ಯಾಂಟರ್ಬರಿ ಪ್ರಾಂತದ ಪಾದ್ರಿಗಳು ಕ್ಷಮೆಗಾಗಿ 1,00,000 ಪೌಂಡುಗಳನ್ನು ತೆರಲು ಒಪ್ಪಿದರು. ಜೊತೆಗೆ ಹೆನ್ರಿಯನ್ನು ಇಂಗ್ಲೆಂಡಿನ ಚರ್ಚಿನ ಪರಮಾಧಿಕಾರಿಯೆಂದು ಒಪ್ಪಬೇಕಾಗಿ ಬಂದಾಗ, ಕ್ರಿಸ್ತನ ಕಟ್ಟಳೆ ಅನುಮತಿಸುವ ಮಟ್ಟಿಗೆ ಎಂಬ ಷರತ್ತೊಂದನ್ನು ಸೇರಿಸುವುದಷ್ಟೇ ಅವರಿಂದ ಸಾಧ್ಯವಾಯಿತು. 1533ರ ಕಾಯಿದೆ ರೋಮಿಗೆ ಮೇಲ್ಮನವಿ ಒಯ್ಯುವುದನ್ನು ನಿಷೇಧಿಸಿತು; 1534ರ ಕಾಯಿದೆ ಆ ಷರತ್ತನ್ನೂ ಕೈಬಿಟ್ಟು ಅರಸನ ಪರಮಾಧಿಕಾರವನ್ನು ಘೋಷಿಸಿತು. ಅದಕ್ಕೆ ಒಪ್ಪದ ಬಿಷಪ್ ಜಾನ್ ಫಿಷರ್ ಮತ್ತು ಥಾಮಸ್ ಮೋರ್ 1535ರಲ್ಲಿ ರಾಜದ್ರೋಹದ ಆರೋಪದ ಮೇಲೆ ತಲೆದಂಡ ತೆತ್ತರು.

ಮುಂದಿನ ಶತಮಾನದಲ್ಲಿ ಪ್ರೀಮ್ಯುನೈರಿಯ ಶಿಕ್ಷೆ ಪ್ರಜೆಯ ರಕ್ಷಣೆಗೂ ಒದಗಿತೆಂಬುದು ಗಮನಾರ್ಹ: 1679ರ ಹೇಬಿಯಸ್ ಕಾರ್ಪಸ್ ಕಾಯಿದೆಯು, ವಿಚಾರಣೆ ತಪ್ಪಿಸಲು ಬಂಧಿಗಳನ್ನು ಕಡಲಾಚೆಗೆ ಸಾಗಿಸುವ ಅಧಿಕಾರಿಗಳಿಗೆ ಅದೇ ದಂಡನೆಯನ್ನು ಗೊತ್ತುಪಡಿಸಿತು. ಬಳಕೆ ತಪ್ಪಿ ಹೋದ ಮೇಲೂ ಈ ಅಪರಾಧ ಕಾನೂನಿನ ಪುಸ್ತಕದಲ್ಲಿ ಉಳಿದಿದ್ದು, 1967ರಲ್ಲಷ್ಟೇ ಬ್ರಿಟಿಷ್ ಪಾರ್ಲಿಮೆಂಟು ಅದನ್ನು ತೆಗೆದುಹಾಕಿತು.