ಹೃದಯಕೋಶದೊಳಗಿನ ನೆರೆಹೊರೆ

ನಮ್ಮ ವಾಚನಾಲಯಕ್ಕೆ ಸಂಜೆ ಹೊತ್ತು ಪತ್ರಿಕೆ ಓದಲು ಬರುವ ಸದಸ್ಯರೊಬ್ಬರು ಮೊನ್ನೆ ಒಂದು ಪ್ರಶ್ನೆ ಕೇಳಿದರು. ಅವರ ಭಾವನವರಿಗೆ ರಾತ್ರಿ ಪಾಳಿಯಲ್ಲಿ ಎದೆನೋವು ಬಂದಿತ್ತು. ವಾಯುವಿರಬೇಕೆಂದು ಸೋಡಾ ಕುಡಿದು ಪಾಳಿ ಮುಗಿಯುವ ತನಕ ಹಾಗೆಯೇ ಕುಳಿತರು. ಬೆಳಗ್ಗೆ ಆಸ್ಪತ್ರೆಯಲ್ಲಿ ವೈದ್ಯರು ಮುಚ್ಚಿದ್ದ ರಕ್ತನಾಳವನ್ನು ತೆರೆದರು. ರಕ್ತ ಹರಿಯಿತು, ಜೀವ ಉಳಿಯಿತು. ಆದರೆ ಈಗ ಎರಡು ಮಹಡಿ ಹತ್ತಿದರೆ ಏದುಸಿರು. "ನಳ ದುರಸ್ತಿಯಾಯಿತಲ್ಲ, ಇನ್ನು ಪಂಪಿಗೇನು ಧಾಡಿ?" ಎಂಬುದು ಅವರ ಪ್ರಶ್ನೆ. ನಾವು ವೈದ್ಯರಲ್ಲ, ಮಿಲ್ಲಿನಲ್ಲಿ ಲೆಕ್ಕ ಬರೆಯುವವರು. ಆದರೂ ಪ್ರಶ್ನೆ ಬಿಡಲಿಲ್ಲ. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಉತ್ತರದ ಮೊದಲ ತುಣುಕು ದೊರೆತದ್ದು ಲಂಡನ್ನಿನ ನಲ್ಲಿ ನೀರಿನಲ್ಲಿ. 1882ರ ಸುಮಾರಿಗೆ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಬಹಳ ಹೊತ್ತು ಬಡಿಯುವಂತೆ ಮಾಡಿದ್ದರು. ಮುಂದೆ ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ ಅದೇ ಉಪ್ಪು ಕರಗಿಸಿ ನೋಡಿದರೆ ಹೃದಯ ಬೇಗನೆ ನಿಂತುಹೋಯಿತು. ವಿಚಾರಿಸಲಾಗಿ, ಮೊದಲಿನ ದ್ರಾವಣವನ್ನು ನಲ್ಲಿ ನೀರಿನಲ್ಲಿ ತಯಾರಿಸಿದ್ದು ತಿಳಿಯಿತು. ಆ ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇತ್ತು. ಕ್ಯಾಲ್ಸಿಯಂ ಇಲ್ಲದೆ ಹೃದಯ ಬಡಿಯದು ಎಂಬ ಈ ಸಂಗತಿಯನ್ನು ರಿಂಗರ್ 1883ರಲ್ಲಿ ಪ್ರಕಟಿಸಿದರು. ಒಂದು ಕೈತಪ್ಪು ಇಷ್ಟು ಉಪಕಾರ ಮಾಡಿದ್ದು ನಮ್ಮ ಲೆಕ್ಕದ ಪುಸ್ತಕಗಳಲ್ಲಂತೂ ಎಂದೂ ಕಾಣೆವು.

ಹೃದಯದ ಸ್ನಾಯು ಕೋಟ್ಯಂತರ ಜೀವಕೋಶಗಳಿಂದಾದದ್ದು. ಪ್ರತಿಯೊಂದು ಕೋಶದೊಳಗೂ ಪೊರೆಯಿಂದಾದ ಒಂದು ಜಾಲವಿದೆ. ಅದೇ ಕ್ಯಾಲ್ಸಿಯಮ್ಮಿನ ಗೋದಾಮು. ಅದರ ಪಕ್ಕದಲ್ಲಿ ಮೈಟೊಕಾಂಡ್ರಿಯಗಳಿವೆ. ಇವು ಕೋಶದ ಬಾಯ್ಲರ್ ಮನೆಗಳು. ಅನ್ನದ ಸತ್ವವನ್ನೂ ಉಸಿರಿನ ಆಮ್ಲಜನಕವನ್ನೂ ಸೇರಿಸಿ ಶಕ್ತಿಯನ್ನು ಒದಗಿಸುತ್ತವೆ. ಹೃದಯಕೋಶದ ಗಾತ್ರದಲ್ಲಿ ಸುಮಾರು ಮೂರನೆಯ ಒಂದು ಪಾಲು ಇವೇ. ದಿನಕ್ಕೆ ಒಂದು ಲಕ್ಷ ಸಲ ಬಡಿಯಬೇಕಾದ ಯಂತ್ರಕ್ಕೆ ಅಷ್ಟಾದರೂ ಬೇಡವೆ?

ಪ್ರತಿ ಬಡಿತಕ್ಕೂ ಗೋದಾಮು ಕ್ಯಾಲ್ಸಿಯಮ್ಮನ್ನು ಹೊರಬಿಡುತ್ತದೆ, ಸ್ನಾಯು ಕುಗ್ಗುತ್ತದೆ. ಮತ್ತೆ ಒಳಗೆಳೆದುಕೊಂಡಾಗ ಸಡಿಲಾಗುತ್ತದೆ. ಹೊರಬಿಟ್ಟುದರಲ್ಲಿ ಒಂದು ಗುಟುಕು ನೆರೆಯ ಮೈಟೊಕಾಂಡ್ರಿಯಕ್ಕೆ ಸೇರಿ, "ಕೆಲಸ ಹೆಚ್ಚಿದೆ, ಶಕ್ತಿ ಹೆಚ್ಚಿಸು" ಎಂದು ತಿಳಿಸುತ್ತದೆ. ಮಿಲ್ಲಿನ ಭೋಂಗಾ ಒಂದೇ ಆದರೂ ನೂಲುವವನೂ ಬಾಯ್ಲರಿನವನೂ ಅದನ್ನೇ ಕೇಳಿ ಕೆಲಸಕ್ಕೆ ನಿಲ್ಲುವ ಹಾಗೆ. ಇದು ನಡೆಯಬೇಕಾದರೆ ಎರಡೂ ತೀರ ಹತ್ತಿರವಿರಬೇಕು. ಅವುಗಳ ನಡುವಿನ ಅಂತರ ಹತ್ತರಿಂದ ಮೂವತ್ತು ನ್ಯಾನೊಮೀಟರು. ಒಂದು ಕಾಗದದ ದಪ್ಪವನ್ನು ಐದು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು.

1950ರ ದಶಕದಲ್ಲಿಯೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವೆರಡೂ ಒತ್ತಾಗಿರುವುದು ಕಂಡಿತ್ತು. ಅದರ ಅರ್ಥ ತಿಳಿದದ್ದು ತಡವಾಗಿ. 1990ರಲ್ಲಿ ಕೆನಡಾದ ಜೀನ್ ವಾನ್ಸ್ ಅವರು ಈ ಕೂಡುವೆಡೆಯಲ್ಲಿ ಕೊಬ್ಬಿನ ಜಾತಿಯ ವಸ್ತುಗಳು ತಯಾರಾಗುವುದನ್ನು ತೋರಿಸಿದರು. 1998ರಲ್ಲಿ ಇಟಲಿಯ ರಿಜ್ಜುಟೊ ಮತ್ತು ಸಂಗಡಿಗರು ಕ್ಯಾಲ್ಸಿಯಂ ದಾಟುವುದೂ ಇಲ್ಲಿಯೇ ಎಂದು ತೋರಿಸಿದರು. ಇವೆರಡನ್ನೂ ಹಿಡಿದಿಡುವ ಪ್ರೋಟೀನಿನ ಕೊಂಡಿಗಳೂ ಒಂದೊಂದಾಗಿ ಗೊತ್ತಾಗಿವೆ.

ಈಗ ಭಾವನವರ ಪ್ರಶ್ನೆಗೆ ಬರೋಣ. ರಕ್ತನಾಳ ಮುಚ್ಚಿದಾಗ ಆಮ್ಲಜನಕವಿಲ್ಲದೆ ಬಾಯ್ಲರ್ ನಂದುತ್ತದೆ. ಕ್ಯಾಲ್ಸಿಯಮ್ಮನ್ನು ಗೋದಾಮಿಗೆ ಮರಳಿ ತುಂಬಲು ಶಕ್ತಿ ಸಾಲದೆ ಅದು ಕೋಶದೊಳಗೆ ಏರುತ್ತಾ ಹೋಗುತ್ತದೆ. ಆಗಲೇ ಎಷ್ಟೋ ಕೋಶಗಳು ಸಾಯುತ್ತವೆ. ಹೊತ್ತು ಕಳೆದಷ್ಟೂ ಸಾವು ಹೆಚ್ಚು. ನಾಳವನ್ನು ತೆರೆದಾಗ ಇನ್ನೊಂದು ಗಂಡಾಂತರವಿದೆ. ಆಮ್ಲಜನಕ ಬಂದೊಡನೆ ಮೈಟೊಕಾಂಡ್ರಿಯ ಎದ್ದು ಕ್ಯಾಲ್ಸಿಯಮ್ಮನ್ನು ಮಿತಿಮೀರಿ ನುಂಗುತ್ತದೆ. ಅದರ ಗೋಡೆಯಲ್ಲಿ ಒಂದು ಕಿಂಡಿ ತೆರೆದು, ಅದು ಉಬ್ಬಿ ಒಡೆಯುತ್ತದೆ. ಮುಚ್ಚಿದ್ದಾಗ ಬದುಕಿಕೊಂಡಿದ್ದ ಕೋಶ ತೆರೆದಾಗ ಸಾಯುತ್ತದೆ! ಸತ್ತ ಸ್ನಾಯುವಿನ ಜಾಗದಲ್ಲಿ ಗಾಯದ ಕಲೆ ಬೆಳೆಯುತ್ತದೆ, ಸ್ನಾಯು ಬೆಳೆಯುವುದಿಲ್ಲ. ಏದುಸಿರಿನ ಮೂಲ ಇದು.

ಹಾಗಾದರೆ ಈ ನೆರೆಹೊರೆಯನ್ನು ಸ್ವಲ್ಪ ದೂರ ಮಾಡಿದರೆ? ಫ್ರಾನ್ಸಿನ ಸಂಶೋಧಕರು 2013ರಲ್ಲಿ ಪ್ರಯೋಗಶಾಲೆಯ ಹೃದಯಕೋಶಗಳಲ್ಲಿ ಸಂಪರ್ಕವನ್ನು ಕಡಿಮೆ ಮಾಡಿದಾಗ ಸಾಯುವ ಕೋಶಗಳು ಕಡಿಮೆಯಾದವು. ಆದರೆ ವಿಷಯ ಅಷ್ಟು ಸರಳವಲ್ಲ. 2017ರಲ್ಲಿ ಇಲಿಗಳ ಹೃದಯದಿಂದ ಫಂಡ್‌ಸಿ-1 ಎಂಬ ಕೊಂಡಿಯನ್ನು ತೆಗೆದು ನೋಡಿದರೆ ಸಂಪರ್ಕ ಕಡಿದು ಹೃದಯವೇ ದುರ್ಬಲವಾಯಿತು. 2019ರಲ್ಲಿ ಸಿಹಿಮೂತ್ರದ ಇಲಿಗಳಲ್ಲಿ ಇದಕ್ಕೆ ವಿರುದ್ಧವಾಗಿ ಅದೇ ಕೊಂಡಿ ಹೆಚ್ಚಿ, ಹೃದಯಕ್ಕೆ ಕೇಡಾದದ್ದು ಕಂಡಿತು. ಹತ್ತಿರ ಹೆಚ್ಚಾದರೆ ಉಬ್ಬಿ ಸಾವು, ದೂರ ಹೆಚ್ಚಾದರೆ ಹಸಿದು ಸೊರಗು.

ರಕ್ತನಾಳಗಳ ಗೋಡೆಯಲ್ಲಿಯೂ ಇದೇ ಕಥೆಯ ಇನ್ನೊಂದು ರೂಪವಿದೆ. ಶ್ವಾಸಕೋಶದ ನಾಳಗಳಲ್ಲಿ ರಕ್ತದ ಒತ್ತಡ ಏರುವ ಒಂದು ರೋಗದಲ್ಲಿ ಜಾಲವು ಮೈಟೊಕಾಂಡ್ರಿಯದಿಂದ ದೂರ ಸರಿಯುವುದೆಂದು 2011ರಲ್ಲಿ ಕೆನಡಾದ ಸಂಶೋಧಕರು ತಿಳಿಸಿದರು. ಅಲ್ಲಿ ಸಾಯಬೇಕಾದ ಕೋಶಗಳು ಸಾಯದೆ ಬೆಳೆದು, ನಾಳವನ್ನು ಇಕ್ಕಟ್ಟು ಮಾಡುತ್ತವೆ.

ಮೈಟೊಕಾಂಡ್ರಿಯದ ಕಿಂಡಿಯನ್ನು ಮುಚ್ಚುವ ಔಷಧವನ್ನೂ ಪರೀಕ್ಷಿಸಿದ್ದಾರೆ. ಸೈಕ್ಲೋಸ್ಪೋರಿನ್ ಎಂಬ ಔಷಧವನ್ನು ನಾಳ ತೆರೆಯುವ ಹೊತ್ತಿಗೆ ಕೊಟ್ಟು ನೋಡಿದಾಗ, 2008ರಲ್ಲಿ 58 ರೋಗಿಗಳಲ್ಲಿ ಆಸೆ ಹುಟ್ಟಿಸುವ ಫಲ ಸಿಕ್ಕಿತು. 2015ರಲ್ಲಿ 970 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಪ್ರಯೋಜನ ಕಾಣಲಿಲ್ಲ. ಇಲಿಯಲ್ಲಿ ಫಲಿಸಿದ್ದು, ಐವತ್ತೆಂಟು ಜನರಲ್ಲಿ ಫಲಿಸಿದಂತೆ ಕಂಡದ್ದು, ಎಲ್ಲರಿಗೂ ಫಲಿಸಬೇಕೆಂದಿಲ್ಲ. ಪತ್ರಿಕೆಗಳಲ್ಲಿ "ಹೃದಯಕ್ಕೆ ಹೊಸ ಮದ್ದು" ಎಂಬ ತಲೆಬರಹ ಕಂಡಾಗ ನಮಗೆ ಈ ಎರಡು ಅಂಕೆಗಳು ನೆನಪಾಗುತ್ತವೆ.

ಇದನ್ನೆಲ್ಲ ಹೇಳಿದ ಮೇಲೆ ಆ ಸದಸ್ಯರು, "ಹಾಗಿದ್ದರೆ ನಾಳ ತೆರೆಸದೇ ಇದ್ದರೆ ಒಳ್ಳೆಯದಿತ್ತೇನು?" ಎಂದರು. ಖಂಡಿತ ಅಲ್ಲ. ತೆರೆಯದೆ ಬಿಟ್ಟಿದ್ದರೆ ಆ ಭಾಗದ ಸ್ನಾಯು ಬಹುಪಾಲು ಸಾಯುತ್ತಿತ್ತು. ತೆರೆದಾಗ ಆಗುವ ನಷ್ಟ ಅದರಲ್ಲಿ ಒಂದು ಪಾಲು ಮಾತ್ರ. ಭಾವನವರು ಕಳೆದುಕೊಂಡದ್ದರಲ್ಲಿ ಹೆಚ್ಚಿನದು ಸೋಡಾ ಕುಡಿದು ಕುಳಿತ ಆ ತಾಸುಗಳಲ್ಲಿ ಹೋಗಿರಬೇಕು. ಈಗ ವೈದ್ಯರು ಕೊಟ್ಟಿರುವ ಗುಳಿಗೆಗಳು ಸತ್ತ ಕೋಶಗಳನ್ನು ಎಬ್ಬಿಸಲಾರವು. ಉಳಿದ ಸ್ನಾಯುವಿನ ಹೊರೆ ಇಳಿಸಬಲ್ಲವು. ಏದುಸಿರು ಹೋಗಲಿಲ್ಲವೆಂದು ಅವರು ಎರಡು ವಾರದಿಂದ ಅವನ್ನು ಬಿಟ್ಟಿದ್ದರಂತೆ. ಆ ಸದಸ್ಯರು ಅಂದೇ ರಾತ್ರಿ ಭಾವನವರ ಮನೆಗೆ ಹೋಗಿ, ಮರುದಿನ ಅವರನ್ನು ವೈದ್ಯರ ಬಳಿಗೆ ಕರೆದೊಯ್ದರು.