ನೀರ್ಗಲ್ಲಿನ ಶಿಲ್ಪ, ತೆರೆಮರೆಯ ದುಡಿಮೆ

ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ಇಳಿದು ಯಲಹಂಕದತ್ತ ಹೊರಟರೆ ಬಲಕ್ಕೆ ಅಮೃತಹಳ್ಳಿ. 2008ರ ಮೇನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಬಳ್ಳಾರಿ ರಸ್ತೆಯ ಚಹರೆಯೇ ಬದಲಾಯಿತು. ಹೋಟೆಲುಗಳು, ಕನ್ವೆನ್ಷನ್ ಹಾಲ್‌ಗಳು ಎದ್ದವು. ಅರಮನೆ ಮೈದಾನದ ಆರತಕ್ಷತೆಗಳ ವೈಭವ ಇತ್ತಲೂ ಹಬ್ಬಿತು. ದೊಡ್ಡ ಮದುವೆಗಳಲ್ಲಿ ದೀಪದ ಬೆಳಕಿಗೆ ಹೊಳೆಯುವ ಐಸ್ ಹಂಸ ಅಥವಾ ಗಣಪನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರು ಕಡಿಮೆ. ಅದನ್ನು ಕೆತ್ತಿದವರು ಯಾರು, ಅಷ್ಟು ತಿಳಿಯಾದ ಐಸ್ ಬಂದದ್ದೆಲ್ಲಿಂದ ಎಂದು ಕೇಳುವವರು ಇನ್ನೂ ಕಡಿಮೆ.

ಮೀನಿಗೆ ಹಾಕುವ ಐಸ್ ಇಲ್ಲಿ ಕೆಲಸಕ್ಕೆ ಬಾರದು. ಐಸ್ ಫ್ಯಾಕ್ಟರಿಯಲ್ಲಿ ನೀರು ತುಂಬಿದ ಲೋಹದ ಡಬ್ಬಗಳನ್ನು ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ನೀರು ಸುತ್ತಲಿಂದ ಒಳಮುಖವಾಗಿ ಗಟ್ಟಿಯಾಗುತ್ತ, ಕರಗಿದ ಲವಣ ಮತ್ತು ಗಾಳಿಯನ್ನು ನಡುವಿಗೆ ತಳ್ಳುತ್ತದೆ. ದಿಮ್ಮಿಯ ಹೊಟ್ಟೆ ಬೆಳ್ಳಗಾಗುವುದು ಹೀಗೆ. ಗಡಸು ಬೋರ್‌ವೆಲ್ ನೀರಾದರೆ ಆ ಬಿಳುಪು ಇನ್ನೂ ಹೆಚ್ಚು.

ಕೆತ್ತನೆಯ ಐಸಿಗೆ ಬೇರೆಯದೇ ಯಂತ್ರವಿದೆ. ಶುದ್ಧೀಕರಿಸಿದ ನೀರನ್ನು ತಳದಿಂದ ಮಾತ್ರ ತಣಿಸುತ್ತಾರೆ. ಮೇಲೆ ಪುಟ್ಟ ಪಂಪು ನೀರನ್ನು ಸದಾ ಕದಡುತ್ತಿರುತ್ತದೆ, ಗುಳ್ಳೆ ನಿಲ್ಲುವುದಿಲ್ಲ. ಕಶ್ಮಲವೆಲ್ಲ ಮೇಲಿನ ನೀರಿನಲ್ಲೇ ಉಳಿಯುತ್ತದೆ. ಕೊನೆಗೆ ಆ ನೀರನ್ನು ಹೊರತೆಗೆದರಾಯಿತು. ಸುಮಾರು 136 ಕಿಲೋ ತೂಗುವ ಒಂದು ದಿಮ್ಮಿಗೆ ಮೂರು ನಾಲ್ಕು ದಿನ ಬೇಕು. ನಡುವೆ ಕರೆಂಟು ಕೈಕೊಟ್ಟು ಪಂಪು ನಿಂತರೆ ತಿಳಿ ಐಸಿನೊಳಗೆ ಮಬ್ಬು ಪಟ್ಟಿ ಮೂಡುತ್ತದೆ.

ಫ್ರೀಜರಿನಿಂದ ತೆಗೆದ ತಕ್ಷಣ ಉಳಿ ಹಚ್ಚುವಂತಿಲ್ಲ. ಹೊರಗಿನ ಬಿಸಿ ತಾಗಿ ದಿಮ್ಮಿ ಫಟ್ಟನೆ ಸೀಳುತ್ತದೆ. ಮೈಮೇಲಿನ ಬಿಳಿ ಹಿಮ ಕರಗಿ ಗಾಜಿನಂತೆ ಪಾರದರ್ಶಕವಾಗುವವರೆಗೂ ಕಾಯಬೇಕು. ಆಮೇಲೆ ಚಿತ್ರದ ಕಾಗದವನ್ನು ನೀರು ಸವರಿ ಅಂಟಿಸುತ್ತಾರೆ. ಚೈನ್‌ಸಾ ಒರಟು ಆಕಾರ ಬಿಡಿಸುತ್ತದೆ, ಗ್ರೈಂಡರು ರೆಕ್ಕೆಯ ಗೆರೆ ಎಳೆಯುತ್ತದೆ, ಚೂಪು ಉಳಿ ಕೊಕ್ಕನ್ನು ತಿದ್ದುತ್ತದೆ. ಎರಡು ತುಂಡು ಕೂಡಿಸಬೇಕಾದರೆ ಬಿಸಿಮಾಡಿದ ಅಲ್ಯೂಮಿನಿಯಂ ತಗಡಿನಿಂದ ಮುಖಗಳನ್ನು ಸಮಮಾಡಿ ಒತ್ತಿ ಹಿಡಿಯುತ್ತಾರೆ. ನೀರೇ ಅಲ್ಲಿ ಗಾರೆ. ಹಂಸದ ಕತ್ತನ್ನು ಬೇಕೆಂದೇ ತುಸು ದಪ್ಪ ಬಿಡುತ್ತಾರೆ, ಅತಿಥಿಗಳು ಬರುವ ಹೊತ್ತಿಗೆ ಅದು ಸವೆದು ಸರಿಯಾದ ಅಳತೆಗೆ ಇಳಿಯಲೆಂದು.

ಬೇಲೂರು, ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೊಡ್ಡಿದಂತೆ ಗಟ್ಟಿ. ಐಸಿನ ಗುಣ ತದ್ವಿರುದ್ಧ. ಉಳಿಯೆತ್ತಿದ ಗಳಿಗೆಯಿಂದಲೇ ಕರಗಲು ಶುರು. ಹೊಯ್ಸಳ ಶಿಲ್ಪಿಗಳಾದ ದಾಸೋಜ, ಮಲ್ಲಿತಮ್ಮರು ಕಲ್ಲಿನಲ್ಲಿ ತಮ್ಮ ಹೆಸರು ಕೆತ್ತಿ ಉಳಿದರು. ಐಸ್ ಕೆತ್ತುವವನಿಗೆ ಆ ಭಾಗ್ಯವಿಲ್ಲ. ಆದರೂ ಅಳತೆ, ಸಮತೋಲ, ಕೈಯ ಹಿಡಿತ ಎರಡಕ್ಕೂ ಒಂದೇ.

136 ಕಿಲೋದ ಒಂದು ಐಸ್ ದಿಮ್ಮಿ ಪೂರ್ತಿ ಕರಗಲು ಹನ್ನೆರಡೂವರೆ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಅದಕ್ಕೇ ಶಿಲ್ಪ ಹಾಲ್‌ನೊಳಗೆ ನಾಲ್ಕಾರು ಗಂಟೆ ನಿಲ್ಲುತ್ತದೆ. ಏಸಿ ಕೊಳ್ಳುವಾಗ ನಾವು ಹೇಳುವ ‘ಟನ್’ ಕೂಡ ಐಸಿನ ಲೆಕ್ಕವೇ: 907 ಕಿಲೋ ಐಸನ್ನು 24 ಗಂಟೆಯಲ್ಲಿ ಕರಗಿಸುವಷ್ಟು ಶಾಖವನ್ನು ಹೊರಹಾಕುವ ಶಕ್ತಿ. 1833ರಲ್ಲಿ ಬಾಸ್ಟನ್ನಿನ ಕೆರೆಗಳ ಐಸ್ ಹಡಗಿನಲ್ಲಿ ನಾಲ್ಕು ತಿಂಗಳು ಪಯಣಿಸಿ ಕಲ್ಕತ್ತ ತಲುಪಿತ್ತು. ಇಂದು ಬಳ್ಳಾರಿ ರಸ್ತೆಯ ಟ್ರಾಫಿಕ್ಕಿನಲ್ಲಿ ಟೆಂಪೊ ಸಿಕ್ಕಿಕೊಂಡರೂ ಐಸ್ ಸಾಗಿಸುವವರ ಎದೆ ಢವಗುಟ್ಟುತ್ತದೆ.

ಮನೆಯ ಸಮಾರಂಭಕ್ಕೆ ಐಸ್ ಶಿಲ್ಪ ಇಡಿಸುವವರಿಗೆ ಎರಡು ಮಾತು. ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಸೂಚಿಸಿದೆ. ಹಾಗಾಗಿ ಹಣ್ಣು, ಪಾನೀಯದ ಪಕ್ಕ ಇಡುವ ಐಸ್ ಕುಡಿಯುವ ನೀರಿನದೇ ಎಂದು ಖಾತರಿ ಮಾಡಿಕೊಳ್ಳಿ. ಜೊತೆಗೆ, ದಿಮ್ಮಿ ಹೊತ್ತವರಿಗೂ ಕೆತ್ತಿದವರಿಗೂ ಊಟ ಬಡಿಸಿ, ಒಪ್ಪಿದ ಹಣವನ್ನು ಶಿಲ್ಪ ಕರಗುವ ಮುನ್ನ ಕೊಟ್ಟುಬಿಡಿ.