ಫುಟ್‌ಬಾಲ್ ಕ್ಲಬ್ಬುಗಳು ಮತ್ತು ಪಾಲುದಾರರ ಬಾಂಧವ್ಯ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಪಾಲುದಾರಿಕೆ ಸಂಸ್ಥೆಗಳು ಹೆಚ್ಚಾಗಿ ಅಣ್ಣತಮ್ಮಂದಿರವು, ಇಲ್ಲವೇ ಭಾವ-ಮೈದುನರವು. ಅಡಿಕೆ ಮಂಡಿಯಿರಲಿ, ಅಕ್ಕಿ ಗಿರಣಿಯಿರಲಿ, ದರ ಕುಸಿದು ಮುಚ್ಚಿದವುಗಳಿಗಿಂತ ಪಾಲುದಾರರೊಳಗೆ ಮಾತು ನಿಂತು ಮುಚ್ಚಿದವುಗಳನ್ನೇ ಲೆಕ್ಕ ಪರಿಶೋಧಕನಾಗಿ ನಾನು ಹೆಚ್ಚು ಕಂಡಿದ್ದೇನೆ. ಈ ವಿಷಯದಲ್ಲಿ ಫುಟ್‌ಬಾಲ್ ಕ್ಲಬ್ಬುಗಳ ಅನುಭವ ವಿಚಾರಯೋಗ್ಯವಾಗಿದೆ. ನಮ್ಮ ಕಡೆ ವಾಲಿಬಾಲ್, ಕಬಡ್ಡಿಗಳಿಗಿರುವ ಆಸಕ್ತಿ ಆ ಆಟಕ್ಕಿಲ್ಲ, ನಿಜ. ಆದರೆ ಅಲ್ಲಿನ ಒಳಜಗಳದ ಫಲ ವಾರವಾರವೂ ಅಂಕಪಟ್ಟಿಯಲ್ಲಿ ಬಯಲಾಗುತ್ತದೆ; ನಮ್ಮದು ಮಾರ್ಚ್ ಅಂತ್ಯದವರೆಗೆ ಅಡಗಿರುತ್ತದೆ.

ಲಂಡನ್ನಿನ ಚೆಲ್ಸಿ ಕ್ಲಬ್ 2015ರ ಮೇ ತಿಂಗಳಿನಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು. ಆಗಸ್ಟ್‌ನ ಮೊದಲ ಪಂದ್ಯದಲ್ಲಿಯೇ, ಆಟಗಾರನ ಚಿಕಿತ್ಸೆಗೆಂದು ಮೈದಾನಕ್ಕಿಳಿದ ತಂಡದ ವೈದ್ಯೆ ಇವಾ ಕಾರ್ನೇರೊ ಅವರ ಮೇಲೆ ಮ್ಯಾನೇಜರ್ ಜೋಸೆ ಮೊರಿನ್ಯೊ ಬಹಿರಂಗವಾಗಿ ಹರಿಹಾಯ್ದರು. ಡಿಸೆಂಬರ್ ಹೊತ್ತಿಗೆ 16 ಪಂದ್ಯಗಳಲ್ಲಿ 9 ಸೋಲು, 16ನೇ ಸ್ಥಾನ. ಮ್ಯಾನೇಜರ್ ಹುದ್ದೆ ಕಳೆದುಕೊಂಡರು. ಅವರಿಗೂ ಆಟಗಾರರಿಗೂ ಹೊಂದಾಣಿಕೆ ಇರಲಿಲ್ಲವೆಂದು ಕ್ಲಬ್ಬಿನ ಅಧಿಕಾರಿಯೇ ಹೇಳಿದರು. ಆಟಗಾರರು ಬಹುಮಟ್ಟಿಗೆ ಹಳಬರೇ, ಬಂಡವಾಳಕ್ಕೂ ಕೊರತೆಯಿರಲಿಲ್ಲ.

ಹಾಗೆಂದು ಸ್ನೇಹವಿಲ್ಲದೆ ಗೆಲುವಿಲ್ಲವೆಂದು ತೀರ್ಮಾನಿಸುವಂತಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಆಂಡಿ ಕೋಲ್ ಮತ್ತು ಟೆಡ್ಡಿ ಶೆರಿಂಗ್‌ಹ್ಯಾಮ್ ವರ್ಷಗಟ್ಟಲೆ ಪರಸ್ಪರ ಮಾತನಾಡಲಿಲ್ಲ. ಆ ಮುನಿಸು 1995ರ ಇಂಗ್ಲೆಂಡ್ ಪಂದ್ಯವೊಂದರಷ್ಟು ಹಳೆಯದು. ಆದರೂ 1998-99ರಲ್ಲಿ ಆ ಕ್ಲಬ್ ಮೂರು ಪ್ರಮುಖ ಪ್ರಶಸ್ತಿಗಳನ್ನು ಗೆದ್ದಿತು. ಮಾತು ನಿಂತಿತ್ತು, ಚೆಂಡು ನಿಂತಿರಲಿಲ್ಲ.

ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿ 2013ರಲ್ಲಿ ಸ್ಥಾಪನೆಯಾಗಿ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2017-18ರ ಐಎಸ್‌ಎಲ್‌ನಲ್ಲಿ ಸುನಿಲ್ ಚೆಟ್ರಿ 14 ಗೋಲು, ವೆನೆಜುವೆಲಾದ ಮಿಕು 15 ಗೋಲು ಗಳಿಸಿದರು. ತಂಡ ಲೀಗ್ ಹಂತದಲ್ಲಿ ಅಗ್ರಸ್ಥಾನದಲ್ಲಿತ್ತು. ಫೈನಲ್ ಸೋತರೂ ಮರುವರ್ಷ ಪ್ರಶಸ್ತಿ ಬಂದಿತು. ಇಬ್ಬರಿಗೂ ಹೆಚ್ಚುಕಡಿಮೆ ಸಮಪಾಲು! ಒಬ್ಬನ ಗಳಿಕೆ ಇನ್ನೊಬ್ಬನ ಖಾತೆಗೆ ಖರ್ಚು ಬೀಳಲಿಲ್ಲ.

ವ್ಯಾಪಾರದಲ್ಲಿ ಚೆಂಡೆಂದರೆ ಮಾಹಿತಿ. ಅಣ್ಣ ಖರೀದಿ ನೋಡುತ್ತಾನೆ, ತಮ್ಮ ಬ್ಯಾಂಕು ಮತ್ತು ತೆರಿಗೆ ನೋಡುತ್ತಾನೆ. ಮುನಿಸು ಬಂದೊಡನೆ ಬೆಳೆಗಾರರಿಗೆ ಕೊಟ್ಟ ಮುಂಗಡ ಅಣ್ಣನ ಜೇಬಿನ ಚೀಟಿಯಲ್ಲೇ ಉಳಿಯುತ್ತದೆ. ಓವರ್‌ಡ್ರಾಫ್ಟ್ ಮಿತಿ ಮೀರಿದ್ದು ತಮ್ಮನಿಗೆ ಮಾತ್ರ ಗೊತ್ತು. ರಾಶಿ, ಬೆಟ್ಟೆ ಎಷ್ಟು ಚೀಲ ದಾಸ್ತಾನಿದೆಯೆಂದು ಇಬ್ಬರೂ ಒಬ್ಬ ಗುಮಾಸ್ತನನ್ನೇ ಬೇರೆಬೇರೆಯಾಗಿ ಕೇಳುತ್ತಾರೆ. ಗುಮಾಸ್ತನ ಪಾಡು ದೇವರಿಗೇ ಪ್ರೀತಿ.

1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 9ನೇ ಕಲಮು ಪಾಲುದಾರರು ಸ್ನೇಹದಿಂದಿರಬೇಕೆಂದು ಹೇಳುವುದಿಲ್ಲ. ಪರಸ್ಪರ ನಿಷ್ಠೆ, ಸತ್ಯವಾದ ಲೆಕ್ಕ ಮತ್ತು ಪೂರ್ಣ ಮಾಹಿತಿಯನ್ನು ಅಪೇಕ್ಷಿಸುತ್ತದೆ. ಲೆಕ್ಕದ ಪುಸ್ತಕಗಳನ್ನು ನೋಡಿ ನಕಲು ಪಡೆಯುವ ಹಕ್ಕು 12ನೇ ಕಲಮಿನಲ್ಲಿದೆ. ಆದುದರಿಂದ ಮಾತಿಲ್ಲದ ಪಾಲುದಾರರಿಗೂ ನನ್ನ ಸಲಹೆ ಇಷ್ಟೇ: ಪ್ರತಿ ಸಂಜೆ ರೋಕಡಕ್ಕೆ ಇಬ್ಬರೂ ಸಹಿ ಹಾಕಿರಿ, ಮುಂಗಡಗಳನ್ನು ಅಂದೇ ಖಾತೆಗೆ ಏರಿಸಿರಿ, ದಾಸ್ತಾನನ್ನು ತಿಂಗಳಿಗೊಮ್ಮೆ ಜೊತೆಯಲ್ಲಿ ನಿಂತು ಎಣಿಸಿರಿ.

ನಿಮ್ಮ ಪಾಲುದಾರಿಕೆ ಪತ್ರವನ್ನೂ ಒಮ್ಮೆ ತೆಗೆದು ಓದಿರಿ. ಅದರಲ್ಲಿ ಅವಧಿಯಾಗಲಿ, ಸಂಸ್ಥೆ ಕೊನೆಗೊಳ್ಳುವ ಬಗೆಯಾಗಲಿ ನಮೂದಾಗಿರದಿದ್ದರೆ ಅದು ಇಚ್ಛಾಧೀನ ಪಾಲುದಾರಿಕೆ. 43ನೇ ಕಲಮಿನಂತೆ ಸಿಟ್ಟಿನಲ್ಲಿರುವ ಒಬ್ಬ ಪಾಲುದಾರನು ಉಳಿದವರೆಲ್ಲರಿಗೂ ಕೊಡುವ ಒಂದು ಲಿಖಿತ ನೋಟೀಸು ಅದನ್ನು ವಿಸರ್ಜಿಸಲು ಸಾಕು.